ಪ್ರತಿಭೆ ಇದ್ದರೆ ಸಾಲದು, ಕೈಹಿಡಿದು ಕರೆದೊಯ್ಯುವವರೂ ಬೇಕು: ಮುಂಡರಗಿ–ಗದಗ ಸೀಮೆ ನಮಗೆ ಕಲಿಸುವ ಪಾಠ

ಪ್ರತಿಭೆ ದೇವರ ವರದಾನ ಎಂದು ನಾವೆಲ್ಲರೂ ಹೇಳುತ್ತೇವೆ. ಆ ವರವನ್ನು ಹಂಚುವಾಗ ದೇವರು ಜಾತಿ, ಹಣ, ಊರು ಯಾವುದನ್ನೂ ನೋಡಲಿಲ್ಲ. ಆದರೆ ಪ್ರತಿಭೆ ಕಲೆಯಾಗಿ ಬೆಳೆಯಲು ಬೇಕಾದ ಗುರು, ಸಮಯ, ಹೊಟ್ಟೆಗೆ ಅನ್ನ ಮತ್ತು ವೇದಿಕೆಯನ್ನು ಹಂಚುವವರು ಮನುಷ್ಯರು. ಆ ಹಂಚಿಕೆ ಮಾತ್ರ ಸಮನಾಗಿ ನಡೆದಿಲ್ಲ. ಸಮಾಜದ ಅಂಚಿನಲ್ಲಿರುವ ಸಮುದಾಯಗಳಿಂದ ಬರುವ ಎಳೆಯ ಕಲಾವಿದರಿಗೆ ಮಾರ್ಗದರ್ಶನ ಎಲ್ಲಿ ಸಿಗುತ್ತದೆ, ಹೇಗೆ ಸಿಗುತ್ತದೆ, ಅದರಲ್ಲಿ ನಮ್ಮ ಧರ್ಮಕೇಂದ್ರಗಳ ಸೇವಾಕರ್ತರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಇದಕ್ಕಾಗಿ ನಾವು ಕರಾವಳಿಯಿಂದ ಘಟ್ಟ ಹತ್ತಿ ಗದಗ ಜಿಲ್ಲೆಯ ಕಡೆಗೆ ನೋಡಬೇಕಾಗಿದೆ.

ಮುಂಡರಗಿ ಏಕೆ?

ಗದಗ ಜಿಲ್ಲೆಯ ಒಂದು ಬದಿಯಲ್ಲಿ ಕಪ್ಪತಗುಡ್ಡ, ಇನ್ನೊಂದು ಬದಿಯಲ್ಲಿ ತುಂಗಭದ್ರಾ ನದಿ. ಇವುಗಳ ನಡುವೆ ಇರುವುದು ಮುಂಡರಗಿ ತಾಲೂಕು. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಮುಂಡರಗಿ ಭೀಮರಾಯನ ಊರಿದು. ದೊಡ್ಡಬಸಪ್ಪ ದೇವಸ್ಥಾನದ ಕಲ್ಲಿನ ಕೆತ್ತನೆಗೆ ಹೆಸರಾದ ಡಂಬಳವೂ ಇದೇ ತಾಲೂಕಿನಲ್ಲಿದೆ. ಇಂತಹ ಸೀಮೆಯ ಹಳ್ಳಿ ಹಳ್ಳಿಗಳಲ್ಲಿ ಭಜನೆ, ಡೊಳ್ಳು, ಬಯಲಾಟ, ಸೋಬಾನೆ ಪದಗಳಿವೆ. ಲಂಬಾಣಿ ತಾಂಡಾಗಳಲ್ಲಿ ಹಾಡು, ಕುಣಿತ ಮತ್ತು ಕನ್ನಡಿ ಕೂಡಿಸಿದ ಕಸೂತಿ ಇದೆ. ಕಲೆಗೆ ಇಲ್ಲಿ ಬಡತನವಿಲ್ಲ; ಬಡತನ ಇರುವುದು ಕಲಾವಿದರ ಮನೆಗಳಲ್ಲಿ.

ಮಳೆಯನ್ನೇ ನಂಬಿದ ಬೇಸಾಯ ಕೈಕೊಟ್ಟಾಗ ಈ ಭಾಗದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗೋವಾ, ಮಂಗಳೂರು, ಉಡುಪಿಯ ಕಡೆಗೆ ಬರುತ್ತವೆ. ನಮ್ಮ ಊರುಗಳಲ್ಲಿ ಬಹುಮಹಡಿ ಕಟ್ಟಡಗಳ ಕೆಲಸ ನಡೆಯುವಲ್ಲಿ ಶೀಟಿನ ಜೋಪಡಿಗಳಲ್ಲಿ ವಾಸವಾಗಿರುವ ಇವರನ್ನು ನಾವು ದಿನವೂ ನೋಡುತ್ತೇವೆ. ಅವರ ಕೈಯ ದುಡಿಮೆ ನಮಗೆ ಗೊತ್ತು. ಅವರ ಮಕ್ಕಳ ಕೊರಳಲ್ಲಿ ಹಾಡಿದೆಯೇ, ಬೆರಳಲ್ಲಿ ತಾಳವಿದೆಯೇ ಎಂದು ಕೇಳಿದವರು ಕಡಿಮೆ. ಆದ್ದರಿಂದ ಮುಂಡರಗಿಯ ವಿಷಯ ಕರಾವಳಿಯ ನಮಗೆ ದೂರದ ವಿಷಯವಲ್ಲ. ಆ ಮಕ್ಕಳು ನಮ್ಮ ದೇವಾಲಯಗಳ ಆವರಣ ಗೋಡೆಯ ಆಚೆಗೇ ಇದ್ದಾರೆ.

ಗದಗದ ಒಂದು ದೊಡ್ಡ ಉದಾಹರಣೆ

ಮುಂಡರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಗದಗ ಪಟ್ಟಣದಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಅಂಧರು, ಅನಾಥರು ಮತ್ತು ಬಡವರ ಮಕ್ಕಳಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಸಂಗೀತ ಕಲಿಸುವ ಸಂಸ್ಥೆ ಇದು. ನಾಡಿನಲ್ಲಿ ‘ಮಾರ್ಗದರ್ಶನ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಸಿಗುವುದು ಕಷ್ಟ.

ಇದರ ಮೂಲಪುರುಷರು ಗಾನಯೋಗಿ ಪಂಚಾಕ್ಷರ ಗವಾಯಿಗಳು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಇವರಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಗದಿಗೆಯ್ಯ ಎಂಬುದು ಬಾಲ್ಯದ ಹೆಸರು. ಈ ಹುಡುಗನ ಕಂಠವನ್ನು ಗುರುತಿಸಿ ಆಸರೆ ನೀಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರ ಆಶ್ರಯದಲ್ಲಿ ಗದಿಗೆಯ್ಯ ಕರ್ನಾಟಕಿ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು ‘ಉಭಯ ಗಾನ ವಿಶಾರದ’ ಎನಿಸಿದರು.

ತಾವು ಪಡೆದುದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ತಮ್ಮಂತೆ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಅದು ಸಂಚಾರಿ ಸಂಗೀತ ಶಾಲೆ. ಭಿಕ್ಷೆ ಬಂದ ದಿನ ಊಟ, ಬಾರದ ದಿನ ಉಪವಾಸ. ಕೊನೆಗೆ ಗದಗದಲ್ಲಿ ಬಸರಿಗಿಡದ ವೀರಪ್ಪ ಎಂಬ ದಾನಿಗಳು ನೆಲೆ ಒದಗಿಸಿದರು. ಆಶ್ರಮಕ್ಕೆ ವೀರೇಶ್ವರ ಎಂಬ ಹೆಸರು ಅವರ ನೆನಪಿಗಾಗಿ ಬಂದುದು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಹೊಣೆ ಬಿದ್ದುದು ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಮೇಲೆ.

ಪುಟ್ಟರಾಜರು 1914ರಲ್ಲಿ ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದವರು. ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡರು. ಸೋದರಮಾವನ ಮನೆಯಲ್ಲಿದ್ದ ಹಾರ್ಮೋನಿಯಂ ಮೇಲೆ ಮಗುವಿನ ಬೆರಳು ಓಡುವುದನ್ನು ಕಂಡ ಆ ಮಾವ ಚಂದ್ರಶೇಖರಯ್ಯನವರು ಗುರುವಿನ ಬಳಿಗೆ ದಾರಿ ಮಾಡಿಕೊಟ್ಟರು. ಮುಂದೆ ಪುಟ್ಟರಾಜರು ಅನೇಕ ವಾದ್ಯಗಳನ್ನು ನುಡಿಸಬಲ್ಲವರಾದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು, ಬ್ರೈಲ್ ಲಿಪಿಯನ್ನು ಬಳಸಿದರು. 66 ವರ್ಷ ಆಶ್ರಮವನ್ನು ನಡೆಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ನಮ್ಮನ್ನು ಅಗಲಿದರು. ಪಂಚಾಕ್ಷರ ಗವಾಯಿಗಳ ಜೀವನವನ್ನು ಆಧರಿಸಿ 1995ರಲ್ಲಿ ಬಂದ ಚಲನಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆತಿತ್ತು.

ಆಶ್ರಮ ಹೇಗೆ ನಡೆಯಿತು?

ಉಚಿತ ಎಂದು ಹೇಳುವುದು ಸುಲಭ. ಆದರೆ ದಿನವೂ ನೂರಾರು ಎಲೆ ಹಾಕುವವರು ಲೆಕ್ಕ ಇಡಲೇಬೇಕು. ಇಲ್ಲಿ ಮೂರು ದಾರಿಗಳಿದ್ದವು. ಮೊದಲನೆಯದು ಜೋಳಿಗೆ, ಅಂದರೆ ರೈತರೂ ವ್ಯಾಪಾರಿಗಳೂ ಕೊಡುವ ಕಾಳುಕಡಿ, ಕಾಣಿಕೆ. ಎರಡನೆಯದು ನಾಟಕ ಕಂಪನಿ. ಪುಟ್ಟರಾಜರು ತಾವೇ ನಾಟಕಗಳನ್ನು ಬರೆದು, ಆಶ್ರಮದ ಹೆಸರಿನಲ್ಲಿ ನಾಟ್ಯಸಂಘ ಕಟ್ಟಿ, ಟಿಕೆಟ್ ಹಣದಿಂದ ಮಕ್ಕಳ ಊಟ ನಡೆಸಿದರು. ಕಲೆಯೇ ಕಲೆಯನ್ನು ಸಾಕಿತು. ಮೂರನೆಯದು ತುಲಾಭಾರ. ಭಕ್ತರು ಊರೂರಿಗೆ ಗವಾಯಿಗಳನ್ನು ಕರೆದು ನಾಣ್ಯ, ಧಾನ್ಯಗಳಿಂದ ತೂಗಿ, ತೂಗಿದ್ದನ್ನು ಆಶ್ರಮಕ್ಕೆ ಒಪ್ಪಿಸುತ್ತಿದ್ದರು.

ಇನ್ನೊಂದು ಮುಖ್ಯ ವಿಷಯವನ್ನು ನಾವು ಗಮನಿಸಬೇಕು. ಆಶ್ರಮದಲ್ಲಿ ಕಲಿತವರೆಲ್ಲ ದೊಡ್ಡ ಗಾಯಕರಾಗಲಿಲ್ಲ; ಆಗಬೇಕೆಂದೂ ಇರಲಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನಗಳು ನಡೆಯುತ್ತವೆ. ಪ್ರವಚನಕಾರರ ಪಕ್ಕದಲ್ಲಿ ಹಾಡಲು ಒಬ್ಬ ಗವಾಯಿ, ತಬಲಾ ನುಡಿಸಲು ಒಬ್ಬರು ಬೇಕು. ಶಾಲೆಗಳಿಗೆ ಸಂಗೀತ ಶಿಕ್ಷಕರು ಬೇಕು. ನಾಟಕ ಕಂಪನಿಗಳಿಗೆ ಹಾರ್ಮೋನಿಯಂ ಮಾಸ್ತರರು ಬೇಕು. ಆಶ್ರಮದ ಅಂಧ ವಿದ್ಯಾರ್ಥಿಗಳು ಈ ಕೆಲಸಗಳಿಗೆ ತಯಾರಾದರು. ಭಿಕ್ಷೆ ಬೇಡಬೇಕಾಗಿದ್ದ ಕೈ ದುಡಿದು ಮನೆ ನಡೆಸುವಂತಾಯಿತು. ಕಲೆಯ ತರಬೇತಿ ಎಂದರೆ ಪ್ರಶಸ್ತಿಯ ದಾರಿ ಮಾತ್ರವಲ್ಲ, ಅನ್ನದ ದಾರಿಯೂ ಹೌದು ಎಂಬುದನ್ನು ಗದಗ ತೋರಿಸಿಕೊಟ್ಟಿದೆ.

ಶಿಷ್ಯನ ಪಕ್ಕದಲ್ಲಿ ಕೂತ ಗುರು

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆಯಿತು. ಅಲ್ಲಿ ಹದಿಹರೆಯದ ಬಸವರಾಜ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಅವರಿಗೆ ತಬಲಾ ಸಾಥ್ ನೀಡಿದವರು ಬೇರಾರೂ ಅಲ್ಲ, ಗುರು ಪಂಚಾಕ್ಷರ ಗವಾಯಿಗಳೇ. ತಮ್ಮ ಹೆಸರಿನಿಂದಲೇ ಸಭೆ ತುಂಬಿಸಬಲ್ಲ ಗುರು ಆ ದಿನ ಪಕ್ಕವಾದ್ಯದವರಾಗಿ ಕುಳಿತರು. ರಾಜಗುರು ಮುಂದೆ ದೇಶದ ಶ್ರೇಷ್ಠ ಹಿಂದೂಸ್ತಾನಿ ಗಾಯಕರಲ್ಲಿ ಒಬ್ಬರಾದರು.

ಮತ್ತೊಂದು ಉದಾಹರಣೆ ಪಂಡಿತ್ ಎಂ. ವೆಂಕಟೇಶಕುಮಾರ್ ಅವರದು. 1953ರಲ್ಲಿ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಹುಟ್ಟಿದ ಇವರ ತಂದೆ ಹುಲೆಪ್ಪನವರು ಜನಪದ ಗಾಯಕರು, ತೊಗಲುಗೊಂಬೆ ಆಡಿಸುವವರು. ಮನೆಯಲ್ಲಿ ಕಲೆ ಇತ್ತು, ಅನುಕೂಲ ಇರಲಿಲ್ಲ. 1968ರಲ್ಲಿ ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಹುಡುಗನನ್ನು ಗದಗಕ್ಕೆ ಕರೆತಂದು ಪುಟ್ಟರಾಜರಿಗೆ ಒಪ್ಪಿಸಿದರು. ಅಲ್ಲಿ 12 ವರ್ಷಗಳ ಕಲಿಕೆ. ಆ ಬಳಿಕ ಅವರು ಧಾರವಾಡದ ಸಂಗೀತ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪಕರಾದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪುಟ್ಟರಾಜರಿಗೆ ಒಬ್ಬ ಸೋದರಮಾವ, ವೆಂಕಟೇಶಕುಮಾರರಿಗೆ ಒಬ್ಬ ಸೋದರಮಾವ, ಪಂಚಾಕ್ಷರ ಗವಾಯಿಗಳಿಗೆ ಕುಮಾರಸ್ವಾಮಿಗಳು. ಮೂರೂ ಕಡೆ ಗುರುವಿಗಿಂತ ಮೊದಲು ಒಬ್ಬ ವ್ಯಕ್ತಿ ಇದ್ದಾರೆ. ಅವರು ಮಗುವನ್ನು ಗುರುತಿಸಿ, ಕೈಹಿಡಿದು, ಗುರುವಿನ ಬಾಗಿಲ ತನಕ ಮುಟ್ಟಿಸಿದವರು. ಹಿಂದುಳಿದ ಸಮುದಾಯಗಳ ಎಳೆಯ ಕಲಾವಿದರಿಗೆ ಇಂದು ಅತಿ ಹೆಚ್ಚು ಕೊರತೆ ಇರುವುದು ಇಂತಹವರದು. ಗುರುಗಳಿದ್ದಾರೆ, ಸಂಸ್ಥೆಗಳಿವೆ, ಯೋಜನೆಗಳೂ ಇವೆ. ತಾಂಡಾದ ಹುಡುಗಿಯನ್ನು ಅಲ್ಲಿಗೆ ಕರೆದೊಯ್ಯುವ ಸೋದರಮಾವ ಮಾತ್ರ ಇಲ್ಲ.

ಅಡೆತಡೆಗಳು ಯಾವುವು?

ಬಡತನವೊಂದೇ ತಡೆಯಲ್ಲ. ಅವಮಾನವೂ ಒಂದು ತಡೆ. ಡಾ. ಗಂಗೂಬಾಯಿ ಹಾನಗಲ್ (1913–2009) ಹುಟ್ಟಿದ ಸಮುದಾಯದ ಹೆಣ್ಣುಮಕ್ಕಳು ಹಾಡಿದರೆ ಸಮಾಜ ಹೀನಾಯವಾಗಿ ನೋಡುತ್ತಿದ್ದ ಕಾಲವದು. ಕೇರಿಯವರ ಚುಚ್ಚುಮಾತುಗಳ ನಡುವೆಯೇ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. 2002ರಲ್ಲಿ ಪದ್ಮವಿಭೂಷಣರಾದರು. ಅವರ ಹೆಸರಿನ ಗುರುಕುಲ 2011ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಯಿತು. ಗುರುವಿನೊಂದಿಗೇ ಇದ್ದು ಕಲಿಯುವ ಪದ್ಧತಿ ಅಲ್ಲಿಯದು.

ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕೂ ಇಂತಹುದೇ. ಲಿಂಗತ್ವ ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕೊನೆಗೆ ಕಾಳವ್ವ ಜೋಗತಿಯವರ ತಂಡದಲ್ಲಿ ನೆಲೆ ಕಂಡವರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಯಸ್ಸು 96. ಗೌರವ ಬಂದುದು ಸಂತೋಷವೇ. ಆದರೆ ಮೊಮ್ಮಕ್ಕಳ ಕಾಲದ ತನಕ ಕಾಯಬೇಕಾದ ಗೌರವ ಎಳೆಯ ಕಲಾವಿದರ ಹೊಟ್ಟೆ ತುಂಬಿಸುವುದಿಲ್ಲ. ಪ್ರಶಸ್ತಿ ಕೊನೆಯಲ್ಲಿ ಬರುತ್ತದೆ. ಆಸರೆ ಆರಂಭದಲ್ಲಿ ಬೇಕು.

ಮೂರನೆಯ ತಡೆ ವಲಸೆ. ಸಂಗೀತವಾಗಲಿ ಚಿತ್ರಕಲೆಯಾಗಲಿ ದಿನದಿನದ ಅಭ್ಯಾಸ ಕೇಳುತ್ತದೆ. ಆರು ತಿಂಗಳು ಊರಲ್ಲಿ, ಆರು ತಿಂಗಳು ಪರ ಊರಿನ ಕೆಲಸದ ಜಾಗದಲ್ಲಿ ಕಳೆಯುವ ಮಗುವಿಗೆ ಶಾಲೆಯೇ ತಪ್ಪುತ್ತದೆ. ತಂಬೂರಿ ಎಲ್ಲಿಂದ ಬರಬೇಕು? ಆದ್ದರಿಂದಲೇ ವಸತಿ ಸಹಿತ ಕಲಿಕೆಗೆ ಇಷ್ಟು ಮಹತ್ವ. ಧಾರವಾಡದ ಬಳಿಯ ಕಲಕೇರಿಯಲ್ಲಿ 2002ರಿಂದ ನಡೆಯುತ್ತಿರುವ ಸಂಗೀತ ವಿದ್ಯಾಲಯ ಇದೇ ದಾರಿ ಹಿಡಿದಿದೆ. ಕೆನಡಾದ ಕ್ವಿಬೆಕ್‌ನಿಂದ ಬಂದ ಮಾಥ್ಯೂ ಫೋರ್ಟಿಯೆ ಮತ್ತು ಸಂಗಡಿಗರು ಆರಂಭಿಸಿದ ಈ ಶಾಲೆಯಲ್ಲಿ ಹಳ್ಳಿಯ ಬಡ ಮಕ್ಕಳು ಶಾಲಾ ಪಾಠದೊಂದಿಗೆ ಹಿಂದೂಸ್ತಾನಿ ಸಂಗೀತವನ್ನೂ ಉಚಿತವಾಗಿ ಕಲಿಯುತ್ತಾರೆ.

ನಮ್ಮ ಕಡೆಯ ಅನುಭವ

ಕರಾವಳಿಯ ಕಥೋಲಿಕರಿಗೆ ಇದು ಹೊಸ ವಿಷಯವಲ್ಲ. ಗೋವಾದ ಧರ್ಮಕೇಂದ್ರದ ಶಾಲೆಗಳಲ್ಲಿ ‘ಮೆಸ್ತ್ರಿ’ ಎಂಬ ಗಾಯನ ಶಿಕ್ಷಕರಿದ್ದರು. ಹಳ್ಳಿಯ ಮಕ್ಕಳಿಗೆ ಸ್ವರಲಿಪಿ, ಪಿಟೀಲು, ಗಾಯನ ಕಲಿಸುವುದು ಅವರ ಕೆಲಸ. ಪೂಜೆಗೆ ಹಾಡುವವರು ಬೇಕೆಂದು ಮಾಡಿದ ಏರ್ಪಾಡು ಅದು. ಆದರೆ ಅದೇ ಮಕ್ಕಳು ಬೆಳೆದು ಮುಂಬಯಿಯ ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳ ಬೆನ್ನೆಲುಬಾದರು. ಮಜೋರ್ಡಾ ಊರಿನ ಆಂಥೊನಿ ಗೊನ್ಸಾಲ್ವಿಸ್ (1927–2012) ಅವರಲ್ಲೊಬ್ಬರು. ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಗುರು ಅವರೇ.

ಮಂಗಳೂರಿನಲ್ಲಿ ಕರ್ನಾಟಕದ ಧರ್ಮಾಧ್ಯಕ್ಷರ ಆಶ್ರಯದಲ್ಲಿ 1989ರಲ್ಲಿ ಸ್ಥಾಪನೆಯಾದ ಸಂದೇಶ ಪ್ರತಿಷ್ಠಾನ ಕಲೆ ಮತ್ತು ಸಂಸ್ಕೃತಿಗೆಂದೇ ಇರುವ ಸಂಸ್ಥೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಉದಾಹರಣೆಯೂ ನಮ್ಮ ಕಣ್ಣ ಮುಂದಿದೆ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲಿ ಸಿದ್ದಿಯರೊಂದಿಗೆ ನಾಟಕ ಕೆಲಸ ನಡೆಸಿತು. ಮುಂದೆ ಆ ಸಮುದಾಯದಿಂದ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಅವರಂತಹ ರಂಗಕಲಾವಿದರು ಬೆಳೆದುಬಂದರು. ದೂರದ ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೊನಿಯೊ ಅಬ್ರೆಯು ಆರಂಭಿಸಿದ ‘ಎಲ್ ಸಿಸ್ತೆಮಾ’ ಬಡ ಮಕ್ಕಳಿಗೆ ವಾದ್ಯವೃಂದದ ಮೂಲಕ ಬದುಕು ಕಟ್ಟಿಕೊಟ್ಟಿತು. ಎಲ್ಲೆಡೆಯೂ ತತ್ವ ಒಂದೇ: ಮೊದಲು ಅವಕಾಶ, ಆಮೇಲೆ ಪರೀಕ್ಷೆ.

ಲಭ್ಯವಿರುವ ಸಹಾಯಗಳು

ಸೇವಾಕರ್ತರು ತಿಳಿದಿರಬೇಕಾದ ಕೆಲವು ಅವಕಾಶಗಳನ್ನು ಇಲ್ಲಿ ಕೊಡುತ್ತಿದ್ದೇವೆ.

1. ಕೇಂದ್ರ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿರುವ ಸಿ.ಸಿ.ಆರ್.ಟಿ. ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ನೀಡುತ್ತದೆ. ಸಾಂಪ್ರದಾಯಿಕ ಕಲೆಯ ಮನೆತನದ ಮಕ್ಕಳಿಗೆ ಇದರಲ್ಲಿ ವಿಶೇಷ ಪಾಲಿದೆ. ತೊಗಲುಗೊಂಬೆ, ಬಯಲಾಟ ಕುಟುಂಬಗಳಿಗೆ ಇದು ತಿಳಿಯಬೇಕು.

2. 18ರಿಂದ 25 ವರ್ಷದವರಿಗೆ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ಆಯ್ಕೆಯಾದವರಿಗೆ ಎರಡು ವರ್ಷ ಗುರುವಿನ ಬಳಿ ಉನ್ನತ ತರಬೇತಿ ಪಡೆಯಲು ಮಾಸಿಕ ನೆರವು ಸಿಗುತ್ತದೆ.

3. ರಾಜ್ಯದ ಸಂಗೀತ ನೃತ್ಯ, ಜಾನಪದ, ಬಯಲಾಟ, ನಾಟಕ, ಲಲಿತಕಲಾ ಮತ್ತು ಶಿಲ್ಪಕಲಾ ಅಕಾಡೆಮಿಗಳು ಶಿಬಿರ, ತರಬೇತಿಗಳನ್ನು ನಡೆಸುತ್ತವೆ. ಜಿಲ್ಲೆಗಳಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

4. ಕಸೂತಿಯಂತಹ ಕರಕುಶಲ ಕಲೆಗೆ ಸಂಡೂರು ಕುಶಲ ಕಲಾ ಕೇಂದ್ರ ಒಳ್ಳೆಯ ಮಾದರಿ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆ ಇದೆ. 2023ರ ಜುಲೈಯಲ್ಲಿ ಜಿ-20 ಸಂಸ್ಕೃತಿ ಸಭೆಯ ಸಂದರ್ಭ ಹಂಪಿಯಲ್ಲಿ ಲಂಬಾಣಿ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅಜ್ಜಿಯ ಕೈಕೆಲಸ ಮೊಮ್ಮಗಳ ಸಂಪಾದನೆಯಾಗಬಲ್ಲದು.

ನಿಯಮ ಮತ್ತು ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕಬೇಕು. ಇಂತಹ ಅರ್ಜಿಗಳಿಗೆ ಸಾಮಾನ್ಯವಾಗಿ ಕೇಳುವ ಜನನ ಪ್ರಮಾಣಪತ್ರ, ಗುರುವಿನ ಪತ್ರ, ಬ್ಯಾಂಕ್ ಖಾತೆ ಇವೇ ಬಡ ಕುಟುಂಬಗಳಿಗೆ ದೊಡ್ಡ ಬೆಟ್ಟವಾಗುತ್ತವೆ. ಎಷ್ಟೋ ಸಲ ಒಂದು ಅರ್ಜಿ ತುಂಬಿಕೊಡುವುದೇ ದೊಡ್ಡ ಸೇವೆ.

ನಾವು ಏನು ಮಾಡಬಹುದು?

ಹಣದ ದೊಡ್ಡ ಯೋಜನೆಗಳಿಗಾಗಿ ಕಾಯಬೇಕಾಗಿಲ್ಲ. ಧರ್ಮಕೇಂದ್ರದ ಯುವಜನರು, ಭಗಿನಿಯರು, ಶಾಲಾ ಶಿಕ್ಷಕರು, ಸಮಾಜಸೇವಾ ಸಮಿತಿಯವರು ಕೆಳಗಿನ ಕೆಲಸಗಳನ್ನು ಇಂದೇ ಆರಂಭಿಸಬಹುದು.

ಮೊದಲನೆಯದು, ಗುರುತಿಸುವುದು. ವಲಸೆ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವ, ಬಟ್ಟೆ ಹಂಚುವ ಸಂದರ್ಭಗಳು ನಮ್ಮಲ್ಲಿ ಇದ್ದೇ ಇವೆ. ಅಲ್ಲಿ ಮಕ್ಕಳಿಂದ ಅವರದೇ ಹಾಡು ಹಾಡಿಸಿ, ಅವರದೇ ಚಿತ್ರ ಬರೆಯಿಸಿ. ನಾವು ಕಲಿಸಿದ ಹಾಡನ್ನಷ್ಟೇ ಹಾಡಿಸಿದರೆ ಅವರ ಪ್ರತಿಭೆ ನಮಗೆ ಕಾಣುವುದಿಲ್ಲ.

ಎರಡನೆಯದು, ಮುಟ್ಟಿಸುವುದು. ಮಗು ಮತ್ತು ಹೆತ್ತವರು ಒಪ್ಪಿದರೆ ಸ್ಥಳೀಯ ಗುರುವಿನ ಬಳಿಗೆ ಅಥವಾ ಅವರ ಊರಿನ ಹತ್ತಿರದ ಸಂಸ್ಥೆಗೆ ಸಂಪರ್ಕ ಕಲ್ಪಿಸುವುದು. ಮುಂಡರಗಿಯ ಕುಟುಂಬಕ್ಕೆ ಮಂಗಳೂರಿಗಿಂತ ಗದಗ ಹತ್ತಿರ, ಮಾತು ಪರಿಚಿತ, ಊಟ ಪರಿಚಿತ. ಮಗು ನಮ್ಮಲ್ಲೇ ಉಳಿಯಬೇಕು, ನಮ್ಮವರೇ ಆಗಬೇಕು ಎಂಬ ಹಂಬಲ ಬೇಡ. ಮತಧರ್ಮದ ಲೆಕ್ಕ ಹಾಕದೆ ಮಾಡಿದ ಸೇವೆಯೇ ಸೇವೆ.

ಮೂರನೆಯದು, ಬೆನ್ನಿಗೆ ನಿಲ್ಲುವುದು. ಒಂದು ಹಾರ್ಮೋನಿಯಂ, ತಿಂಗಳಿಗೊಮ್ಮೆ ಬಸ್ಸಿನ ಖರ್ಚು, ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ವಿಚಾರಣೆ ಇವು ಸಣ್ಣವು. ಆದರೆ ಒಂದು ವರ್ಷ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ವೆಂಕಟೇಶಕುಮಾರರ ಕಲಿಕೆ 12 ವರ್ಷದ್ದು ಎಂಬುದನ್ನು ನೆನಪಿಡೋಣ.

ನಾಲ್ಕನೆಯದು, ವೇದಿಕೆ ಮತ್ತು ಸಂಭಾವನೆ ಕೊಡುವುದು. ಹಬ್ಬದ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಇವರನ್ನು ಕರೆಯುವಾಗ ಹಾರ ಹಾಕಿ ಕಳುಹಿಸುವುದು ಬೇಡ. ಬೇರೆ ಕಲಾವಿದರಿಗೆ ಕೊಡುವಂತೆ ಇವರಿಗೂ ಕೊಡಬೇಕು.

ಎಚ್ಚರಿಕೆಯ ಮಾತು

ಗುರುಶಿಷ್ಯ ಪರಂಪರೆಯ ಹೆಸರಿನಲ್ಲಿ ಮಕ್ಕಳನ್ನು ಕುರುಡಾಗಿ ಎಲ್ಲಿಗೂ ಒಪ್ಪಿಸಬಾರದು. ದಿಕ್ಕಿಲ್ಲದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಯಂತೆ ನೋಂದಣಿಯಾಗಿರಬೇಕು. ಹೆತ್ತವರು ಯಾವಾಗ ಬೇಕಾದರೂ ಬಂದು ನೋಡುವಂತಿರಬೇಕು. ಶಾಲಾ ಶಿಕ್ಷಣ ನಿಲ್ಲಬಾರದು. ಹೆಣ್ಣುಮಕ್ಕಳ ವಸತಿಯ ಬಗ್ಗೆ ಇನ್ನಷ್ಟು ವಿಚಾರಿಸಬೇಕು. ಗುರುವಿನ ಮೇಲಿನ ಗೌರವ, ಮಗುವಿನ ಸುರಕ್ಷತೆ ಎರಡೂ ಒಟ್ಟಿಗೆ ಸಾಗಬೇಕಾದವು. ಹಾಗೆಯೇ, ಕಲಿಯಲು ಇಷ್ಟವಿಲ್ಲದ ಮಗುವಿಗೆ ‘ನಿಮ್ಮ ಕುಲದ ಕಲೆ’ ಎಂದು ಒತ್ತಾಯಿಸುವುದೂ ಅನ್ಯಾಯ. ಗೊಂಬೆಯಾಟದವರ ಮಗಳು ಎಂಜಿನಿಯರ್ ಆಗಲು ಬಯಸಿದರೆ ಅದಕ್ಕೂ ನಮ್ಮ ಬೆಂಬಲ ಇರಬೇಕು.

ಪ್ರಿಯ ಓದುಗರೇ, ಗದಗದ ಆಶ್ರಮವನ್ನು ಕಟ್ಟಿದವರು ಕಣ್ಣಿಲ್ಲದವರು. ಇತರರಿಗೆ ಕಾಣದ ಪ್ರತಿಭೆ ಅವರಿಗೆ ಕಂಡಿತು. ನಮಗೆ ಕಣ್ಣಿದೆ, ಸಂಘಟನೆ ಇದೆ, ಶಾಲೆಗಳಿವೆ, ಸಭಾಂಗಣಗಳಿವೆ. ಮುಂದಿನ ಸಲ ನಮ್ಮ ಊರಿನ ಕಟ್ಟಡ ಕೆಲಸದ ಜಾಗದಿಂದ ಸಂಜೆ ಹೊತ್ತು ಮಗುವೊಂದರ ಹಾಡು ಕೇಳಿಬಂದರೆ ಒಂದು ಕ್ಷಣ ನಿಂತು ಕೇಳೋಣ. ಆ ಮಗುವಿನ ಹೆಸರೇನು, ಯಾವ ಊರು, ಶಾಲೆಗೆ ಹೋಗುತ್ತಿದೆಯೇ ಎಂದು ವಿಚಾರಿಸೋಣ. ಸೋದರಮಾವನ ಕೆಲಸ ಆರಂಭವಾಗುವುದು ಅಲ್ಲಿಂದಲೇ.